ಸಹಾಯ ಬೇಕು: ಸಪ್ತಾಪುರದಲ್ಲಿ ಖೋಲಿ ಖಾಲಿ ಇವೆ

ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ ಮೇಲೆ ನಾಲ್ಕು ಖೋಲಿ ಇವೆ. ಕೋಚಿಂಗ್ ಹುಡುಗರೇ ಇರುತ್ತಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ‘ಎಂಟು ದಿನ ಬಿಟ್ಟು ಬರ್ತೀವಿ ಆಂಟಿ’ ಅಂತ ಊರಿಗೆ ಹೋದವರು ಇನ್ನೂ ಬಂದಿಲ್ಲ. ಹಗ್ಗದ ಮೇಲೆ ಒಬ್ಬನ ಟವೆಲ್ ಹಾಗೇ ಇದೆ, ಬಿಸಿಲಿಗೆ ಬಣ್ಣ ಹೋಗಿದೆ. ಅವರನ್ನು ಬಾಡಿಗೆ ಕೇಳೋಕೆ ಮನಸ್ಸು ಬರಲ್ಲ. ಆದರೆ ಲಾಕ್‌ಡೌನ್ ಅಂತ ನಮ್ಮ ಸಾಲದ ಕಂತಿಗಿದ್ದ ವಿನಾಯಿತಿ 2020ರ ಆಗಸ್ಟ್‌ಗೇ ಮುಗಿಯಿತು.

2020ರಲ್ಲಿ ಕೊರೊನಾ ಭಯಕ್ಕೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಕೆಲವರು ಮನೆ ಕೊಡ್ತಿರಲಿಲ್ಲವಂತೆ. ನಮಗೆ ಆ ತಕರಾರಿಲ್ಲ, ಮೆಟ್ಟಿಲು ಹೊರಗಿನಿಂದಲೇ ಇದೆ. 3,500 ಇದ್ದ ಬಾಡಿಗೆ 2,500ಕ್ಕೆ ಇಳಿಸಿದ್ದೇವೆ, ಅಡ್ವಾನ್ಸ್ ಒಂದೇ ತಿಂಗಳದ್ದು. ಕಾರ್ಪೊರೇಷನ್ ನೀರು ಬರದ ದಿನ ಬೋರ್ ಇದೆ. ನರ್ಸ್, ಲ್ಯಾಬ್‌ನವರು ಯಾರಾದರೂ ಖೋಲಿ ಹುಡುಕುತ್ತಿದ್ದರೆ ದಯವಿಟ್ಟು ಇಲ್ಲೇ ತಿಳಿಸಿ. ಹುಡುಗರ ಗಂಟುಮೂಟೆ ಎಲ್ಲಿಡಲಿ ಅಂತಾನೂ ಹೇಳಿ!