ಪ್ರಶ್ನೋತ್ತರ: ಮಂಡಿನೋವಿನ ಪ್ರಶ್ನಾವಳಿ, ರೋಗಿಯ ಮಾತಲ್ಲಿ

ಪಿಜಿ, ಮೈಸೂರು: ಮೇಡಂ, ಮಂಡಿ ಸವೆತದ ನೋವು, ಕಷ್ಟ ಅಳೆಯೋ ಪ್ರಶ್ನಾವಳಿ ವೊಮ್ಯಾಕ್‌ನ 24 ಪ್ರಶ್ನೆ ಕನ್ನಡಕ್ಕೆ ತರ್ತಿದ್ದೀನಿ. ಟಬ್ಬಿಗೆ ಇಳಿಯೋದು, ಸಾಕ್ಸ್ ಹಾಕೋದು ತೆಗೆದುಬಿಡ್ಲಾ?

ಮೇಡಂ: ಬೇಡ. ಅದಕ್ಕೆ ಲೈಸೆನ್ಸ್ ಇದೆ. ಅಧಿಕೃತ ಕನ್ನಡ ರೂಪ ಇದೆಯಾ ಅಂತ ಹಕ್ಕುದಾರರನ್ನೇ ಮೊದಲು ಕೇಳಿ. ನೀವಾಗೇ ಒಂದು ಪ್ರಶ್ನೆ ಕಿತ್ತರೂ ಅಂಕ ಬೇರೆಯವರದ್ದಕ್ಕೆ ತಾಳೆ ಆಗಲ್ಲ. ಕುಕ್ಕರಗಾಲು, ನೆಲದಿಂದ ಏಳೋದು ಬೇರೆ ಹಾಳೇಲಿ ಕೇಳಿ. ಅನುವಾದಕ್ಕೆ ಒಪ್ಪಿಗೆ ಸಿಕ್ಕರೆ ಇಬ್ಬರು ಬೇರೆಬೇರೆ ಮಾಡಿ, ಕೂತು ಒಂದಾಗಿಸಿ. ಮೂಲ ನೋಡದವರು ಇಂಗ್ಲಿಷಿಗೆ ತಿರುಗಿಸಲಿ. ಆಮೇಲೆ 5ರಿಂದ 8 ರೋಗಿಗಳಿಗೆ ಓದಿ, ಏನು ಅರ್ಥವಾಯ್ತು ಅಂತ ಅವರ ಬಾಯಲ್ಲೇ ಹೇಳಿಸಿ.

ಫಿಸಿಯೋ, ಮಂಡ್ಯ: ನಮ್ಮದು ಹೊಸ ಪ್ರಶ್ನಾವಳಿ. ಕೋಲೂರಿ ಬಂದ ಅಜ್ಜಿ "ಗದ್ದೆ ಬದು ಹತ್ತೋದು" ಅನ್ನೋದಕ್ಕೆ "ಏನೂ ಕಷ್ಟ ಇಲ್ಲ" ಅಂದ್ರು. ಸುಳ್ಳಾ?

ಮೇಡಂ: ಸುಳ್ಳಲ್ಲ, ಅದಕ್ಕೇ ಭಯ. ಗದ್ದೆಗೆ ಹೋಗೋದೇ ಬಿಟ್ಟಿದ್ದಾರೆ, ಕಷ್ಟ ಎಲ್ಲಿಂದ ಬರಬೇಕು? ಹಿಂಗಾದ್ರೆ ಮಂಡಿ ಹಾಳಾದಷ್ಟೂ ಅಂಕ ಚೆನ್ನಾಗಿ ಬರುತ್ತೆ. "ಈ 7 ದಿನದಲ್ಲಿ ಈ ಕೆಲಸ ಮಾಡಿಲ್ಲ" ಅನ್ನೋ ಉತ್ತರ ಸೇರಿಸಿ, ಕೆಳಗೆ ಕಾರಣ: ಮಂಡಿಯಿಂದ / ಬೇರೆ. ಮಂಡಿಯಿಂದ ಅಂದ್ರೆ ಅದನ್ನ ಅತಿ ಕಷ್ಟಕ್ಕೆ ಸೇರಿಸ್ತೀರೋ ಇಲ್ವೋ, ಅಂಕ ನೋಡೋ ಮೊದಲೇ ಬರೆದಿಡಿ. "ಇತ್ತೀಚೆಗೆ" ಅನ್ನಬೇಡಿ, "ಹೋದ ಸೋಮವಾರದಿಂದ" ಅನ್ನಿ. ಉತ್ತರಗಳಲ್ಲಿ "ಪರವಾಗಿಲ್ಲ" ಇದ್ದರೆ ಕಿತ್ತುಹಾಕಿ: ಒಬ್ಬರಿಗೆ ಅದು ವಾಸಿಯಾಯ್ತು, ಇನ್ನೊಬ್ಬರಿಗೆ ತಡ್ಕೊಂಡಿದ್ದೀನಿ. ಹಾಳೆ ತುಂಬಿಸೋರು ಚಿಕಿತ್ಸೆ ಕೊಟ್ಟವರೇ ಆಗಿರಬಾರದು; ನಿಮ್ಮ ಮುಖ ನೋಡಿ "ಚೆನ್ನಾಗಿದೀನಿ ಸ್ವಾಮಿ" ಅಂತಾರೆ.

ಸದಸ್ಯ: ಫಾರ್ವರ್ಡ್: ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ, 3 ದಿನಕ್ಕೆ ಮಂಡಿನೋವು ಮಾಯ 🙏

ಮೇಡಂ: ಎಕ್ಕದ ಹಾಲು ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ದರೆ ಕಾರ್ನಿಯಾಕ್ಕೇ ಪೆಟ್ಟು. ಅಳಿಸಿ.

ಬಿಎಸ್ಸಿ ನರ್ಸಿಂಗ್: ಎಷ್ಟು ರೋಗಿಗಳಿಗೆ ಓದಬೇಕು ಮೇಡಂ?

ಮೇಡಂ: ಮೇಲಿದೆ.

ಸದಸ್ಯ: ಇದೂ ಬಂದಿತ್ತು: ಆಲ್ಫಾ (ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತೆ ಅನ್ನೋ ಅಳತೆ) 0.95 ದಾಟೋವರೆಗೂ ಪ್ರಶ್ನೆ ಕಿತ್ತು ನೋಡಿ.

ಮೇಡಂ: ಒಂದೇ ಮಾತನ್ನ ನಾಲ್ಕು ಥರ ಕೇಳಿದರೂ 0.95 ದಾಟುತ್ತೆ. ಫಾರ್ವರ್ಡ್ ಮಾಡೋದು ನಿಲ್ಲಿಸಿ.

ಪಿಜಿ, ಮೈಸೂರು: ಸ್ಟಿಫ್‌ನೆಸ್‌ಗೆ "ಬಿಗಿತ" ಸರೀನಾ?

ಆಶಾ ಕಾರ್ಯಕರ್ತೆ, ಮದ್ದೂರು: ಹಂಗ್ಯಾರೂ ಅನ್ನಲ್ಲ. "ಮಂಡಿ ಹಿಡ್ಕೊಂಡದೆ" ಅಂತಾರೆ.

ಪಿಜಿ, ಮೈಸೂರು: ಅದು ನೋವಿಗೂ ಆಗುತ್ತಲ್ಲ. ಗ್ರಾಂಥಿಕ ಪದವೇ ವಾಸಿ.

ಫಿಸಿಯೋ, ಮಂಡ್ಯ: ಗ್ರಾಂಥಿಕ ಪದ ಲೈಬ್ರರೀಲಿಟ್ಕೊಳ್ಳಿ. ಅಜ್ಜಿಗೆ ಓದೋರು ನಾವು.

ಪಿಜಿ, ಮೈಸೂರು: ಏಕವಚನ ಬರೋಕೆ ಇನ್ನೆಷ್ಟು ಹೊತ್ತು ಸಾರ್?

ಮೇಡಂ: ಇಬ್ರೂ ನಿಲ್ಲಿಸ್ರೀ. "ಬೆಳಿಗ್ಗೆ ಎದ್ದ ಕೂಡಲೇ ಮಂಡಿ ಮಡಚಕ್ಕೆ ಬಾರದಂಗೆ ಹಿಡ್ಕೊಂಡಿರುತ್ತಾ" ಅಂತ 5 ಜನಕ್ಕೆ ಓದಿ. ನೋವಿನ ಮಾತೇ ಎತ್ತಿದರೆ ವಾಕ್ಯ ಬದಲಿಸಿ, ಮತ್ತೆ 5 ಜನಕ್ಕೆ ಓದಿ.

ಆಶಾ, ಮದ್ದೂರು: ಓದು ಬಾರದವರಿಗೆ ನಗು-ಅಳು ಮುಖದ ಚಿತ್ರ ತೋರಿಸಬಹುದಾ ಮೇಡಂ?

ಬಿಎಸ್ಸಿ ನರ್ಸಿಂಗ್: 5 ಜನ ಸಾಕಾ, 8 ಬೇಕಾ?

ಮೇಡಂ: ಮೇಲಿದೆ ಅಂದ್ನಲ್ಲ.