ಮಾರುತಿ 800: ಗೇರ್ ಲಿವರ್ ಲೊಡ ಲೊಡ ಆಡುತ್ತೆ, ಗೇರ್‌ಬಾಕ್ಸ್ ಬಿಚ್ಚಲೇಬೇಕಾ?

ತೀರ್ಥಹಳ್ಳಿ:
ಎಲ್ಲರಿಗೂ ನಮಸ್ಕಾರ. ನಮ್ಮದು 1998ರ ಮಾರುತಿ 800. ಕಾರ್ಬುರೇಟರ್ ಗಾಡಿ, ನಾಲ್ಕು ಗೇರಿನದು. ಅಪ್ಪ ಹೊಸದಾಗಿ ತಗೊಂಡಿದ್ದು, ಈಗ ನಾನು ಓಡಿಸ್ತಾ ಇದ್ದೇನೆ. ಎಂಜಿನ್ ಇವತ್ತಿಗೂ ಚೆನ್ನಾಗಿದೆ.

ತೊಂದರೆ ಗೇರ್ ಲಿವರ್‌ದು. ಮಳೆಗಾಲದಲ್ಲಿ ಹಸಿ ಮಣ್ಣಿಗೆ ಹೊಡೆದ ಬೇಲಿ ಗೂಟದ ಹಾಗೆ ಆ ಕಡೆ ಈ ಕಡೆ ಆಡುತ್ತೆ. ಗೇರಿನಲ್ಲಿದ್ದಾಗಲೂ ಹಿಂದಕ್ಕೂ ಮುಂದಕ್ಕೂ ಒಂದೂವರೆ ಇಂಚಿನಷ್ಟು ಸಡಿಲ ಇದೆ. ಊರೊಳಗೆ ಹೇಗೋ ನಡೆಯುತ್ತೆ. ಕಷ್ಟ ಆಗೋದು ಆಗುಂಬೆ ಘಾಟಿಯಲ್ಲಿ. ಸೋಮೇಶ್ವರದಿಂದ ಹತ್ತುವಾಗ ಹದಿನಾಲ್ಕು ತಿರುವು, ಪ್ರತಿ ತಿರುವಿಗೂ ಮೂರರಿಂದ ಎರಡಕ್ಕೆ ಇಳಿಸಬೇಕು. ಹೋದ ವಾರ ಎರಡು ಬೀಳುವ ಬದಲು ನಾಲ್ಕು ಬಿತ್ತು. ತಿರುವಿನ ನಡುವೆ ಎಂಜಿನ್ ಆಫ್. ಹಿಂದೆ ಬಸ್ಸು, ಪಕ್ಕದಲ್ಲಿ ಅಮ್ಮ. ಹ್ಯಾಂಡ್ ಬ್ರೇಕ್ ಎಳೆದು ಮತ್ತೆ ಸ್ಟಾರ್ಟ್ ಮಾಡುವಷ್ಟರಲ್ಲಿ ಬೆನ್ನೆಲ್ಲ ಬೆವರು.

ಇಲ್ಲಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಲಿವರ್ ಎರಡು ಸಲ ಆಡಿಸಿ ನೋಡಿ "ಗೇರ್‌ಬಾಕ್ಸ್ ಇಳಿಸಬೇಕು, ಒಳಗೆ ಸವೆದಿದೆ" ಅಂದರು. ಕಾರಿನ ಕೆಳಗೆ ಬಗ್ಗಿ ನೋಡಲೇ ಇಲ್ಲ. ನಿಜವಾಗಲೂ ಇಳಿಸಲೇಬೇಕಾ? ದಯವಿಟ್ಟು ತಿಳಿದವರು ಹೇಳಿ.

ಹುಬ್ಬಳ್ಳಿ:
ತಡೀರಿ, ಗೇರ್‌ಬಾಕ್ಸಿಗೆ ಈಗಲೇ ಕೈ ಹಾಕಬೇಡಿ. ನನ್ನ ಹತ್ತಿರ ಇಪ್ಪತ್ತು ವರ್ಷದಿಂದ 800 ಇದೆ. ನೀವು ಹೇಳಿದ್ದನ್ನೆಲ್ಲ ನಾನೂ ಅನುಭವಿಸಿದ್ದೇನೆ. ಮೊದಲು ನಾಲ್ಕು ಪ್ರಶ್ನೆ.

ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸಾಗಿ ಬೀಳುತ್ತಾ? ಎಂಜಿನ್ ಓಡುವಾಗ ಮಾತ್ರ ಬಿಗಿ ಆಗುತ್ತಾ? ಗೇರ್ ಹಾಕುವಾಗ ಕರ್ರ್ ಅಂತ ಸದ್ದು ಬರುತ್ತಾ, ಬಂದರೆ ಯಾವ ಗೇರಿಗೆ? ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದರೆ ಲಿವರ್ ತಾನಾಗೇ ಹಿಂದೆ ಮುಂದೆ ಹೋಗುತ್ತಾ?

ತೀರ್ಥಹಳ್ಳಿ:
ಇಷ್ಟು ಬೇಗ ಉತ್ತರ ಕೊಟ್ಟಿದ್ದಕ್ಕೆ ಧನ್ಯವಾದ ಸರ್. ಎಂಜಿನ್ ಆಫ್ ಇದ್ದರೂ ಆನ್ ಇದ್ದರೂ ಒಂದೇ ರೀತಿ. ಕರ್ರ್ ಸದ್ದು ಯಾವ ಗೇರಿಗೂ ಇಲ್ಲ. ಗೇರ್ ಸಿಕ್ಕರೆ ಸರಿಯಾಗಿ ಸಿಗುತ್ತೆ, ಸಿಕ್ಕ ಮೇಲೆ ತಪ್ಪಿ ಹೊರಗೆ ಬರಲ್ಲ. ಎಲ್ಲಿದೆ ಅಂತ ಹುಡುಕೋದೇ ಕಷ್ಟ. ಆಕ್ಸಿಲರೇಟರ್ ಬಿಟ್ಟಾಗ ಲಿವರ್ ಸ್ವಲ್ಪ ಅಲುಗುತ್ತೆ, ಜಾಸ್ತಿ ಏನಿಲ್ಲ.

ಹುಬ್ಬಳ್ಳಿ:
ಹಾಗಾದರೆ ನಿಮ್ಮ ಗೇರ್‌ಬಾಕ್ಸಿನ ಒಳಗೆ ಏನೂ ಆಗಿಲ್ಲ ಅಂತ ನನಗೆ ಅನ್ನಿಸುತ್ತೆ. ಯಾಕೆ ಅಂತ ಹೇಳುತ್ತೇನೆ.

ಎಂಜಿನ್ ಓಡುವಾಗ ಮಾತ್ರ ಬಿಗಿ ಅಂದಿದ್ದರೆ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ ಅಂತ ಅರ್ಥ. ಈ ಗಾಡಿಯದು ಕೇಬಲ್ ಕ್ಲಚ್, ಕೇಬಲ್ ಹಿಗ್ಗಿದರೂ ಹಾಗಾಗುತ್ತೆ. ಒಂದೇ ಗೇರಿಗೆ ಕರ್ರ್ ಅಂದಿದ್ದರೆ ಆ ಗೇರಿನ ಸಿಂಕ್ರೊ ರಿಂಗ್ (ಗೇರ್ ಕೂಡುವ ಮೊದಲು ವೇಗ ಸಮ ಮಾಡೋ ಬಳೆ) ಸವೆದಿರಬಹುದು. ಗೇರ್ ತಾನಾಗೇ ಹೊರಗೆ ಬೀಳುತ್ತೆ ಅಂದಿದ್ದರೆ ಒಳಗೆ ಗೇರನ್ನು ಜರುಗಿಸೋ ಫೋರ್ಕೋ, ಶಾಫ್ಟನ್ನು ಹಿಡಿದಿಡುವ ಸ್ಪ್ರಿಂಗು-ಗುಂಡೋ ನೋಡಬೇಕಿತ್ತು. ಇದ್ಯಾವುದೂ ನಿಮಗಿಲ್ಲ. ಇರೋದು ಬರೀ ಸಡಿಲ. ಸಡಿಲ ಅಂದರೆ ಲಿವರ್‌ನಿಂದ ಗೇರ್‌ಬಾಕ್ಸಿನ ತನಕ ಹೋಗೋ ದಾರಿಯಲ್ಲಿ ಎಲ್ಲೋ ಬುಷ್, ಅಂದರೆ ಜಾಯಿಂಟಿನ ಒಳಗೆ ಕೂರೋ ಸಣ್ಣ ಬಳೆ, ಸವೆದಿದೆ.

ಆ ದಾರಿ ಸ್ವಲ್ಪ ಅರ್ಥ ಮಾಡಿಕೊಳ್ಳಿ. 800ರಲ್ಲಿ ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದೆ ಅಡ್ಡಕ್ಕೆ ಕೂತಿವೆ. ಲಿವರ್ ಸೀಟುಗಳ ಮಧ್ಯೆ ಇದೆ. ನಡುವೆ ಕಾರಿನ ಕೆಳಗೆ ಎರಡು ರಾಡ್ ಓಡುತ್ತವೆ. ಒಂದು ಗೇರ್ ರಾಡ್, ನಿಮ್ಮ ಕೈ ಅಲುಗಾಟವನ್ನು ಗೇರ್‌ಬಾಕ್ಸಿನ ಶಾಫ್ಟಿಗೆ ಮುಟ್ಟಿಸೋದು ಅದು. ಇನ್ನೊಂದು ಎಕ್ಸ್‌ಟೆನ್ಶನ್ ರಾಡ್. ಅದು ಅಲುಗಿ ಕೆಲಸ ಮಾಡೋದಲ್ಲ, ಲಿವರ್ ಕೂತಿರೋ ಬುಡವನ್ನು ಗೇರ್‌ಬಾಕ್ಸಿಗೆ ಕಟ್ಟಿ ಹಿಡಿಯೋದು. ಎಂಜಿನ್ ಅಲುಗಿದರೆ ಲಿವರ್ ಬುಡವೂ ಜೊತೆಗೇ ಅಲುಗಬೇಕು, ಇಲ್ಲದಿದ್ದರೆ ಗೇರ್ ಎಳೆದ ಹಾಗಾಗುತ್ತೆ. ಇದರ ರಬ್ಬರ್ ಸತ್ತರೂ ಕೈಗೆ ಹಿಡಿತ ಸಿಗಲ್ಲ.

ಸವೆಯೋ ಜಾಗಗಳು ಇವು: ಲಿವರ್‌ನ ಗುಂಡು (ಲಿವರ್ ಆಡೋದು ಇದರ ಆಧಾರದ ಮೇಲೆ) ಕೂರುವ ಪ್ಲಾಸ್ಟಿಕ್ ಸೀಟು, ಲಿವರ್ ಕೆಳತುದಿಗೆ ರಾಡ್ ಸೇರುವ ಬೋಲ್ಟು ಮತ್ತು ಅದರ ಬುಷ್, ಮುಂದೆ ರಾಡ್ ಗೇರ್‌ಬಾಕ್ಸ್ ಶಾಫ್ಟಿಗೆ ಸೇರುವ ಜಾಯಿಂಟು, ಎಕ್ಸ್‌ಟೆನ್ಶನ್ ರಾಡಿನ ರಬ್ಬರ್. ಇದರಲ್ಲಿ ಯಾವುದು ಅಂತ ಊಹೆ ಮಾಡಬೇಡಿ, ನೋಡಿ.

ನೋಡೋ ರೀತಿ: ಪಿಟ್ (ಗಾಡಿ ಕೆಳಗೆ ನಿಂತು ನೋಡೋ ಗುಂಡಿ) ಇರೋ ಸರ್ವಿಸ್ ಸ್ಟೇಷನ್‌ಗೆ ತಗೊಂಡು ಹೋಗಿ. ಬರೀ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ನುಗ್ಗಬೇಡಿ, ದಯವಿಟ್ಟು. ಸೈಲೆನ್ಸರ್ ಪೈಪ್ ಪೂರ್ತಿ ತಣ್ಣಗಾಗಲಿ. ಎಂಜಿನ್ ಆಫ್, ನಾಲ್ಕನೇ ಗೇರಿನಲ್ಲಿ ಹಾಕಿ. ನ್ಯೂಟ್ರಲ್‌ನಲ್ಲಿ ಲಿವರ್ ಅಡ್ಡಕ್ಕೆ ಆಡೋದು ಸಹಜ, ಅದನ್ನು ನೋಡಿ ಹೆದರಬೇಡಿ. ಮೇಲೆ ಕೂತವರು ಲಿವರನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಲಿ. ನೀವು ಕೆಳಗೆ ಒಂದೊಂದು ಜಾಯಿಂಟಿನ ಮೇಲೂ ಬೆರಳಿಡಿ. ಬೆರಳಿನ ಅರ್ಧ ಬೋಲ್ಟಿನ ಮೇಲೆ, ಅರ್ಧ ರಾಡಿನ ಮೇಲೆ ಇರಬೇಕು. ಎರಡೂ ಒಟ್ಟಿಗೆ ಹೋದರೆ ಆ ಜಾಯಿಂಟ್ ಸರಿ. ಒಂದು ಹೋಗಿ ಇನ್ನೊಂದು ತಡವಾಗಿ ಹೋದರೆ ಕಳ್ಳ ಅಲ್ಲೇ ಇದ್ದಾನೆ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ಗೊತ್ತಾಗುತ್ತೆ.

ಬೆಂಗಳೂರು:
ಸರ್, ಇಷ್ಟೆಲ್ಲ ಯಾಕೆ? ಶಾರ್ಟ್ ಶಿಫ್ಟರ್ (ಕಡಿಮೆ ದೂರ ಆಡೋ ಲಿವರ್) ಹಾಕಿಸಿ, ಲಿವರ್ ತುದಿಗೆ ಭಾರದ ನಾಬ್ ಹಾಕಿ. ನನ್ನ ಫ್ರೆಂಡ್ ಒಬ್ಬರು ಲಿವರ್ ಕತ್ತರಿಸಿ ಎರಡು ಇಂಚು ಗಿಡ್ಡ ಮಾಡಿಸಿಕೊಂಡರು, ಈಗ ಸೂಪರ್ ಆಗಿದೆ ಅಂತಾರೆ. ಬುಷ್ ಬೇಕಾದರೆ ಇಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತೆ, ಹಳೆ ಬುಷ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಹುಬ್ಬಳ್ಳಿ:
ಹಳೆ ಬುಷ್ ಹಿಡಿದುಕೊಂಡು ಹೋಗಿ ಅಂದಿದ್ದು ಬಹಳ ಒಳ್ಳೆ ಮಾತು. 800 ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. 1983ರಿಂದ ಅಷ್ಟು ವರ್ಷ ಬಂದ ಗಾಡಿ, ನಡುವೆ ಭಾಗಗಳು ಬದಲಾಗಿವೆ. ಐದು ಗೇರಿನದಕ್ಕೂ ನಾಲ್ಕು ಗೇರಿನದಕ್ಕೂ ಒಂದೇ ಅಂತ ನಂಬಿ ತರಬೇಡಿ.

ಆದರೆ ಲಿವರ್ ಗಿಡ್ಡ ಮಾಡೋ ವಿಷಯ ನಾನು ಒಪ್ಪಲ್ಲ. ಲಿವರ್ ಒಂದು ಸನ್ನೆಗೋಲು ಅಲ್ವಾ? ಗುಂಡಿನಿಂದ ಕೆಳಗೆ 4 ಸೆಂ.ಮೀ., ಮೇಲೆ 24 ಸೆಂ.ಮೀ. ಇದೆ ಅಂತ ಇಟ್ಟುಕೊಳ್ಳಿ. ಕೆಳಗಿನ ಬೋಲ್ಟಿನಲ್ಲಿ 2 ಮಿ.ಮೀ. ಸಡಿಲ ಇದ್ದರೆ ನಾಬಿನಲ್ಲಿ ಅದು 12 ಮಿ.ಮೀ. ಆಗುತ್ತೆ. ಮೇಲೆ ಕತ್ತರಿಸಿದರೆ ಸಡಿಲ ಕಡಿಮೆ ಕಾಣುತ್ತೆ ನಿಜ, ಕೆಳಗಿನ 2 ಮಿ.ಮೀ. ಎಲ್ಲೂ ಹೋಗಿಲ್ಲ. ಗೇರ್‌ಗಳ ನಡುವಿನ ಅಂತರವೂ ಅಷ್ಟೇ ಕಡಿಮೆ ಆಗುತ್ತೆ. ಕೈಗೆ ಬಲ ಮಾತ್ರ ಜಾಸ್ತಿ ಬೇಕು. ಎರಡಕ್ಕೂ ನಾಲ್ಕಕ್ಕೂ ಗೊಂದಲ ಇರೋ ಗಾಡಿಗೆ ಇದು ಪರಿಹಾರ ಅಲ್ಲ. ಬುಷ್ ಎಲ್ಲ ಸರಿ ಮಾಡಿದ ಮೇಲೆ ಇಷ್ಟ ಇದ್ದರೆ ಯೋಚನೆ ಮಾಡಿ.

ತೀರ್ಥಹಳ್ಳಿ:
ನಿನ್ನೆ ಪಿಟ್ ಮೇಲೆ ನಿಲ್ಲಿಸಿ ನೋಡಿದೆವು. ತಮ್ಮ ಮೇಲೆ ಕೂತು ಲಿವರ್ ಆಡಿಸಿದ, ನಾನು ಕೆಳಗೆ.

ಮುಂದಿನ ಜಾಯಿಂಟ್ ಸರಿ ಇದೆ. ಬೆರಳಿಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಎಕ್ಸ್‌ಟೆನ್ಶನ್ ರಾಡಿನ ರಬ್ಬರ್ ಸೀಳು ಬಿಟ್ಟಿದೆ, ಉಗುರಿನಲ್ಲಿ ಕೆರೆದರೆ ಪುಡಿ ಪುಡಿ ಉದುರುತ್ತೆ. ನಿಜವಾದ ತೊಂದರೆ ಲಿವರ್ ಕೆಳತುದಿಯಲ್ಲಿ. ಅಲ್ಲಿನ ಧೂಳು ತಡೆಯೋ ರಬ್ಬರ್ ಬೂಟ್ ಹರಿದು ಯಾವ ಕಾಲವಾಯಿತೋ. ಒಳಗೆ ಗ್ರೀಸ್ ಇರಬೇಕಾದ ಕಡೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿದೆ. ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಿದೆ, ಹಕ್ಕಳೆಯ ಹಾಗೆ ಎದ್ದು ಬಂತು.

ಬೋಲ್ಟ್ ಬಿಚ್ಚಿದೆ. ಎರಡು ನೈಲಾನ್ ಬುಷ್‌ಗಳಲ್ಲಿ ಒಂದು ಅರ್ಧ ಚಂದ್ರ ಆಗಿ ಕೈಗೆ ಬಂತು. ಇನ್ನೊಂದು ಕಾಗದದಷ್ಟು ತೆಳ್ಳಗಾಗಿತ್ತು. ಬೋಲ್ಟಿನ ಫೋಟೊ ಹಾಕಿದ್ದೇನೆ ನೋಡಿ. ನಡುವೆ ಒಂದು ಪಟ್ಟಿಯಷ್ಟು ಜಾಗ ಹೊಳೀತಾ ಇದೆ. ಅಲ್ಲಿ ಉಗುರು ಓಡಿಸಿದರೆ ಅಂಚು ಸಿಗುತ್ತೆ. ಬುಷ್ ಮಾತ್ರ ಹೊಸದು ಹಾಕಿದರೆ ಸಾಕಾ?

ಪುತ್ತೂರು:
ಸಾಲದು ಮಾರಾಯ್ರೆ, ಬೋಲ್ಟ್ ಕೂಡ ಬದಲಾಯಿಸಿ. ನನ್ನದು ಲೇತ್ ಕೆಲಸ, ಇಂಥದ್ದು ದಿನಾ ಬರುತ್ತದೆ. ಮಣ್ಣು ಬುಷ್ ಒಳಗೆ ಹೋಗಿ ಕೂತರೆ ನೈಲಾನ್ ಎಮೆರಿ ಪೇಪರ್ ಆದ ಹಾಗೆ. ನೈಲಾನ್ ಮೆತ್ತಗೆ, ಬೋಲ್ಟ್ ಗಟ್ಟಿ, ಆದರೂ ಸವೆಯೋದು ಎರಡೂ. ಹೊಸ ಬುಷ್‌ಗೆ ಸವೆದ ಬೋಲ್ಟ್ ಹಾಕಿದರೆ ಮೊದಲ ದಿನದಿಂದಲೇ ಸಡಿಲ. ಜನ ಬುಷ್ ಹಾಕಿ ಆರು ತಿಂಗಳಿಗೆ ಮತ್ತೆ ಬರುವುದು ಇದೇ ಕಾರಣಕ್ಕೆ.

ಬೋಲ್ಟ್ ಅಂಗಡಿಯಲ್ಲಿ ಸಿಗದಿದ್ದರೆ ಅದೇ ಅಳತೆಯ ಹೈಟೆನ್ಸಿಲ್ (ಹೆಚ್ಚು ಬಲದ ಉಕ್ಕಿನ) ಬೋಲ್ಟ್ ತನ್ನಿ. ಒಂದೇ ಮಾತು: ಬುಷ್ ಕೂರುವ ಜಾಗದಲ್ಲಿ ಬೋಲ್ಟಿನ ಮರೆ (ತಿರುಪಿನ ಗೆರೆ) ಇರಬಾರದು, ನಯವಾಗಿರಬೇಕು. ಮರೆ ಮೇಲೆ ಬುಷ್ ಕೂತರೆ ಅರದಿಂದ ಉಜ್ಜಿದ ಹಾಗೆ ತಿಂದು ಹಾಕುತ್ತದೆ.

ಕೆಲವರು ಹಿತ್ತಾಳೆ ಬುಷ್ ಮಾಡಿಕೊಡಿ ಅಂತ ಬರುತ್ತಾರೆ. ಮಾಡಿ ಕೊಡಬಹುದು, ಬಾಳಿಕೆ ಬರುತ್ತದೆ. ಆದರೆ ಎಂಜಿನ್ನಿನ ನಡುಕ ಎಲ್ಲ ಲಿವರಿಗೆ ಬಂದು ಕೈ ಜುಮ್ ಅನ್ನುತ್ತದೆ. ಗ್ರೀಸ್ ಒಣಗಿದರೆ ಕಿರ್ ಕಿರ್ ಸದ್ದು ಬೇರೆ. ದಿನಾ ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ನೈಲಾನೇ ಸರಿ. ಸೈಕಲ್ ಟ್ಯೂಬ್ ಸುತ್ತುವುದು, ಬಾಟಲಿ ಪ್ಲಾಸ್ಟಿಕ್ ತುರುಕುವುದು ಮಾತ್ರ ಬೇಡ. ಘಾಟಿ ರಸ್ತೆಯವರು ನೀವು.

ಹುಬ್ಬಳ್ಳಿ:
ಇವರು ಹೇಳಿದ್ದಕ್ಕೆ ನಾನು ಸೇರಿಸೋದು ಸ್ವಲ್ಪವೇ.

ರಾಡ್ ಬಿಚ್ಚಿದ ಮೇಲೆ "ಗೇರಿನಲ್ಲಿ ಹಾಕಿದ್ದೇನೆ, ಗಾಡಿ ಉರುಳಲ್ಲ" ಅನ್ನೋ ಧೈರ್ಯ ಬೇಡ. ಕೆಳಗೆ ಕೆಲಸ ಮಾಡುವಾಗ ಶಾಫ್ಟಿಗೆ ಕೈ ತಾಗಿ ಗೇರ್ ಹೊರಗೆ ಬರಬಹುದು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ.

ಬೇರೆ ಯಾವ ಬೋಲ್ಟ್ ಸಡಿಲಿಸಿದರೂ ಮೊದಲು ಪೇಂಟಿನಲ್ಲಿ ಗುರುತು ಹಾಕಿ. ಲಿವರ್ ಬುಡ ಸ್ವಲ್ಪ ಜರುಗಿ ಕೂತರೂ ಒಂದು ಕಡೆಯ ಗೇರ್ ಅರ್ಧಕ್ಕೆ ನಿಲ್ಲುತ್ತೆ.

ಬೂಟ್ ಹೊಸದು ಹಾಕದೆ ಬುಷ್ ಹಾಕಬೇಡಿ. ಈ ಇಡೀ ಕಥೆ ಶುರುವಾಗಿದ್ದು ಆ ಹರಿದ ಬೂಟಿನಿಂದ. ಮಣ್ಣೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ಗ್ರೀಸ್ ಹಚ್ಚೋದು ಆಮೇಲೆ. ಎಕ್ಸ್‌ಟೆನ್ಶನ್ ರಾಡಿನ ರಬ್ಬರಿಗೆ ಮಾತ್ರ ಗ್ರೀಸ್ ತಾಗಿಸಬೇಡಿ, ಉಬ್ಬಿ ಹಾಳಾಗುತ್ತೆ. ಲಿವರ್ ಗುಂಡಿನ ಪ್ಲಾಸ್ಟಿಕ್ ಸೀಟು ಹೇಗಿದೆ ಅಂತ ನೀವು ಬರೆದೇ ಇಲ್ಲ. ಅಷ್ಟು ಬಿಚ್ಚಿದ್ದೀರಿ, ಅದನ್ನೂ ನೋಡಿ.

ತೀರ್ಥಹಳ್ಳಿ:
ಕೆಲಸ ಮುಗೀತು! ಬೋಲ್ಟ್, ಎರಡು ಬುಷ್, ಬೂಟ್, ಎಕ್ಸ್‌ಟೆನ್ಶನ್ ರಾಡಿನ ರಬ್ಬರ್, ಲಿವರ್ ಸೀಟು ಎಲ್ಲ ಹೊಸದು. ಸೀಟಿನಲ್ಲಿ ಸಣ್ಣ ಬಿರುಕು ಇತ್ತು, ಒಳ್ಳೆಯ ಕಾಲಕ್ಕೆ ನೆನಪಿಸಿದಿರಿ. ಶಿವಮೊಗ್ಗದಲ್ಲಿ ಬುಷ್ ಸಿಗಲಿಲ್ಲ. ಬೆಂಗಳೂರಲ್ಲಿರೋ ಭಾವ ಹಳೆಯದನ್ನು ತಗೊಂಡು ಹೋಗಿ ಜೆ.ಸಿ. ರಸ್ತೆಯಿಂದ ತಂದರು. ಎಲ್ಲ ಸೇರಿ ಖರ್ಚು, ಗ್ಯಾರೇಜಿನವರು ಗೇರ್‌ಬಾಕ್ಸಿಗೆ ಹೇಳಿದ್ದರ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಡ್ಯಾಶ್‌ಬೋರ್ಡಿಗೆ ಶಾಲೆ ಸ್ಕೇಲ್ ಅಂಟಿಸಿ ಅಳೆದೆ. ನಾಲ್ಕನೇ ಗೇರಿನಲ್ಲಿ ನಾಬಿನ ಆಟ ಮೊದಲು 38 ಮಿ.ಮೀ. ಇತ್ತು, ಈಗ 9. ಎರಡನೇ ಗೇರ್ ಬಿದ್ದಾಗ ಕೈಗೆ ಟಕ್ ಅಂತ ಗೊತ್ತಾಗುತ್ತೆ. ಅಪ್ಪನನ್ನು ಕರೆದು ಓಡಿಸಲು ಕೊಟ್ಟೆ. ಮನೆ ಗೇಟಿನಿಂದ ಹೊರಗೆ ಹೋಗಿ ಎರಡು ಸಲ ಗೇರ್ ಬದಲಾಯಿಸಿದರು, "ತಗೊಂಡಾಗ ಹೀಗೇ ಇತ್ತು ನೋಡು" ಅಂದರು. ನನಗೆ ಅಷ್ಟು ಸಾಕಾಯಿತು.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಬೆಳಿಗ್ಗೆ ಚಳಿಯಲ್ಲಿ ಮೊದಲ ಒಂದೆರಡು ಕಿಲೋಮೀಟರ್ ಎರಡನೇ ಗೇರ್ ಬಿಗಿ. ಬಿಸಿಯಾದ ಮೇಲೆ ಸರಿ ಹೋಗುತ್ತೆ. ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಯಾರಿಗೂ ನೆನಪಿಲ್ಲ.

ಹುಬ್ಬಳ್ಳಿ:
ಓದಿ ನಿಜಕ್ಕೂ ಖುಷಿ ಆಯಿತು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಚಳಿಯ ಬಿಗಿಗೆ ಆಯಿಲ್ ಬದಲಾಯಿಸಿ ನೋಡಿ. ಡಬ್ಬಿ ಮೇಲೆ ಜಿಎಲ್-4 ಅಂತ ಇರಬೇಕು, ಅದು ಗೇರ್ ಆಯಿಲಿನ ದರ್ಜೆ. ಅಂಗಡಿಯವರು ಜಿಎಲ್-5 ಕೊಟ್ಟು "ಇದು ಇನ್ನೂ ಒಳ್ಳೇದು" ಅಂತಾರೆ, ತಗೋಬೇಡಿ. ಅದರಲ್ಲಿ ಗಂಧಕದ ಅಂಶ ಜಾಸ್ತಿ. ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಅದು ಒಳ್ಳೆಯದಲ್ಲ. ಗಾಡಿ ಸ್ವಲ್ಪ ಓಡಿಸಿ, ಆಯಿಲ್ ಬೆಚ್ಚಗಾದ ಮೇಲೆ ಸಮತಟ್ಟಾದ ಕಡೆ ನಿಲ್ಲಿಸಿ. ಮೊದಲು ಆಯಿಲ್ ತುಂಬೋ ಮೇಲಿನ ಪ್ಲಗ್ ಬಿಚ್ಚಿ. ಅದು ಬಿಚ್ಚಿ ಬಂದ ಮೇಲೆಯೇ ಕೆಳಗಿನ ಡ್ರೈನ್ ಪ್ಲಗ್ ಮುಟ್ಟಿ. ಕೆಳಗಿನದು ಬಿಚ್ಚಿ ಆಯಿಲ್ ಪೂರ್ತಿ ಇಳಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ಉಳಿಯುತ್ತೆ. ಹಳೆ ಆಯಿಲನ್ನು ಬಿಳಿ ಬಟ್ಟೆ ಮೇಲೆ ಒಂದಿಷ್ಟು ಹಾಕಿ ನೋಡಿ. ನುಣ್ಣನೆ ಹೊಳಪಿನ ಪುಡಿ ಇದ್ದರೆ ಚಿಂತೆ ಇಲ್ಲ. ಚೂರು ಚೂರು ಲೋಹ ಬಂದರೆ ಫೋಟೊ ಹಾಕಿ.

ತೀರ್ಥಹಳ್ಳಿ:
ಭಾನುವಾರ ಆಯಿಲ್ ಬದಲಾಯಿಸಿದೆ. ಹಳೆಯದು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬಟ್ಟೆ ಮೇಲೆ ನುಣ್ಣನೆ ಪುಡಿ ಮಾತ್ರ, ಚೂರು ಇಲ್ಲ. ಬೆಳಗಿನ ಬಿಗಿ ಪೂರ್ತಿ ಹೋಗಿಲ್ಲ, ಅರ್ಧಕ್ಕರ್ಧ ಕಡಿಮೆ ಆಗಿದೆ.

ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಉಡುಪಿಗೆ ಹೋಗಿ ಸಂಜೆ ವಾಪಸ್ ಬಂದೆ. ಹತ್ತುವಾಗ ಸಣ್ಣ ಮಳೆ. ಹದಿನಾಲ್ಕು ತಿರುವಿನಲ್ಲೂ ಎರಡನೇ ಗೇರ್ ಕೇಳಿದ ತಕ್ಷಣ ಬಿತ್ತು. ಹೋದ ಸಲ ಎಂಜಿನ್ ಆಫ್ ಆದ ತಿರುವಿನಲ್ಲಿ ಅಮ್ಮ ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು, ದಾಟಿದ ಮೇಲೆ ಬಿಟ್ಟರು.

ಪುತ್ತೂರು:
ಒಳ್ಳೆಯದಾಯಿತು. ಐನೂರು ಕಿಲೋಮೀಟರ್ ಆದ ಮೇಲೆ ಒಮ್ಮೆ ಆ ಹೊಸ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡಿ. ಹೊಸ ಬುಷ್ ಕೂತ ಮೇಲೆ ನಟ್ಟು ಒಂದಿಷ್ಟು ಸಡಿಲ ಆಗುವುದುಂಟು.