ಸಹಾಯ ಬೇಕು: 64 ಮಕ್ಕಳ ತರಗತಿಯಲ್ಲಿ ಇಂಗ್ಲಿಷ್ ಮಾತಾಡಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ದ್ವಿತೀಯ ಭಾಷೆ ಇಂಗ್ಲಿಷ್ ತಗೊಳ್ತೀನಿ. ಒಂದೇ ಕೊಠಡಿಯಲ್ಲಿ 64 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ 6ರಿಂದ 8ನೇ ತರಗತಿಗೆ 35 ಮಕ್ಕಳಿಗೊಬ್ಬ ಶಿಕ್ಷಕರು ಇರಬೇಕು, ಅದು ಕಾಗದದ ಮೇಲೆ ಚೆನ್ನಾಗಿದೆ ಬಿಡಿ. 40 ನಿಮಿಷದ ಪೀರಿಯಡ್‌ನಲ್ಲಿ ಪ್ರತಿಯೊಬ್ಬರನ್ನೂ ಮಾತಾಡಿಸಿದರೆ ತಲೆಗೆ 40 ಸೆಕೆಂಡೂ ಸಿಗಲ್ಲ.

ಒಟ್ಟಿಗೆ ಹೇಳಿಸಿದರೆ ಸೂರು ಹಾರೋ ಹಾಗೆ ಕೂಗುತ್ತಾರೆ, ಒಬ್ಬನನ್ನೇ ಎಬ್ಬಿಸಿದರೆ ಬಾಯೇ ಬಿಡಲ್ಲ. ಗುಂಪು ಮಾಡಿದರೆ ಅದೇ ಮುಂದಿನ ಬೆಂಚಿನ ನಾಲ್ಕು ಜನ ಮಾತಾಡುತ್ತಾರೆ, ಉಳಿದವರದು ಕನ್ನಡದಲ್ಲಿ ಹರಟೆ. ಜೋಡಿ ಜೋಡಿಯಾಗಿ ಮಾತಾಡಿಸಿದಾಗ ಮಾತ್ರ ಹಿಂದಿನ ಬೆಂಚಿನವರೂ ಬಾಯಿ ಬಿಟ್ಟರು. ಆದರೆ 32 ಜೋಡಿಗಳ ತಪ್ಪನ್ನು ನಾನೊಬ್ಬಳೇ ಹೇಗೆ ಕೇಳಿಸಿಕೊಳ್ಳಲಿ? 'ಹಿ ಗೋಸ್' ಬದಲು 'ಹಿ ಗೋ' ಅಂತಲೇ ರೂಢಿಯಾಗಿಬಿಟ್ಟರೆ?

ಸೆಕ್ಷನ್ ಮಾಡಿಸಿ ಅನ್ನಬೇಡಿ, ಇನ್ನೊಬ್ಬ ಇಂಗ್ಲಿಷ್ ಶಿಕ್ಷಕರಿಲ್ಲ. ದೊಡ್ಡ ತರಗತಿಯಲ್ಲಿ ಜೋಡಿ ಮಾತುಕತೆ ಮಾಡಿಸುವವರು ತಪ್ಪು ತಿದ್ದೋದನ್ನ ಹೇಗೆ ಮಾಡ್ತೀರಿ? ಆಗಲೇ ತಿದ್ದಬೇಕಾ, ಕೊನೆಯ ಐದು ನಿಮಿಷ ಬೋರ್ಡ್ ಮೇಲೆ ಬರೆದು ಎಲ್ಲರಿಗೂ ಸೇರಿಸಿ ಹೇಳಿದರೆ ಸಾಕಾ?